ಉಸಿರನ್ನು ನೋಡುವ ಕೆಲಸ

ಅಕ್ಕ ಮೊದಲ ಸಲ ಕುಸಿದು ಕೂತದ್ದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ. ಹಾಸನದ ಬಸ್ಸು ಬಂದು ನಿಂತಿತು, ಬ್ರೇಕಿನ ಗಾಳಿ ಬುಸ್ಸೆಂದು ಹೊರಬಿತ್ತು. ಆದದ್ದು ಇಷ್ಟೇ. ದಿನಾ ಕೇಳುವ ಸದ್ದು. ಅಕ್ಕನ ಕೈಯಿಂದ ತರಕಾರಿ ಬ್ಯಾಗು ಜಾರಿತು, ಮೈಯೆಲ್ಲ ಬೆವರಿತು, ಎದೆ ಹಿಡಿದುಕೊಂಡು ಅಲ್ಲೇ ಸಿಮೆಂಟು ಕಟ್ಟೆಗೆ ಒರಗಿಬಿಟ್ಟಳು. ಹೂ ಮಾರುವ ಹೆಂಗಸೊಬ್ಬಳು ಮುಖಕ್ಕೆ ನೀರು ಚಿಮುಕಿಸಿ, ಅಕ್ಕನ ಫೋನಿನಿಂದಲೇ ಬಾವನಿಗೆ ಸುದ್ದಿ ಮುಟ್ಟಿಸಿದಳಂತೆ.

ಬಾವನದು ಅದೇ ಊರಿನಲ್ಲಿ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಬಿಚ್ಚಿದ ಮೋಟಾರನ್ನು ಹಾಗೇ ಬಿಟ್ಟು ಓಡಿದ್ದರು. ನಾನು ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪಾಠದ ನಡುವೆ ಅವರ ಫೋನು ಬಂತು.

"ನೋಡಮ್ಮ, ನಿಮ್ಮಕ್ಕಂಗೆ ಆರ್ಟ್ ಅಟ್ಯಾಕ್ ಆಗೈತೆ ಅನ್ನುಸ್ತದೆ. ಆಸ್ನಕ್ಕೆ ಕರ್ಕಂಡ್ ಓಯ್ತಾ ಇವ್ನಿ. ನೀನೂ ಬಂದ್ಬುಡು."

ನಾನು ಬೆಂಗಳೂರಿನಿಂದ ಬಂದ ಬಸ್ಸು ಹತ್ತಿ ಹಾಸನ ಮುಟ್ಟುವ ಹೊತ್ತಿಗೆ ಇಸಿಜಿ, ರಕ್ತಪರೀಕ್ಷೆ ಎಲ್ಲ ಆಗಿತ್ತು. ಡಾಕ್ಟರು ಕಾಗದಗಳನ್ನು ನೋಡಿ, "ಹೃದಯ ಚೆನ್ನಾಗಿದೆ, ಏನೂ ಆಗಿಲ್ಲ" ಎಂದರು. ಆಮೇಲೆ ಅಕ್ಕನನ್ನು ಕೇಳಿದರು, "ಏನು ಕೆಲಸ ಮಾಡ್ತೀರಾ?"

"ನರ್ಸ್ ಸಾ."

"ಕೋವಿಡ್ ವಾರ್ಡಲ್ಲಿ ಇದ್ರಾ?"

ಅಕ್ಕ ತಲೆಯಾಡಿಸಿದಳು. ಡಾಕ್ಟರು ಕಾಗದಗಳನ್ನು ಪಕ್ಕಕ್ಕಿಟ್ಟರು. ಇದು ಎದೆಯ ರೋಗವಲ್ಲ, ಹೆದರಿಕೆ, ಮೈ ತಾನಾಗಿಯೇ ಹೆದರಿಕೊಳ್ಳುತ್ತಿದೆ ಎಂದು ಬಿಡಿಸಿ ಹೇಳಿದರು. ಕಾಫಿ ಟೀ ಕಮ್ಮಿ ಮಾಡಿ, ಬೇಕಾದರೆ ಮನಸ್ಸಿನ ಡಾಕ್ಟರನ್ನು ನೋಡಿ, ಧ್ಯಾನವನ್ನೂ ಮಾಡಿ ನೋಡಬಹುದು ಎಂದರು. ಆಚೆ ಬಂದಮೇಲೆ ಅಕ್ಕ ಆಟೋ ಸ್ಟ್ಯಾಂಡಿನ ಹತ್ತಿರ ನಿಂತು, "ಅಲ್ಲ ಕಣಮ್ಮಿ, ನಾನು ಎದ್ರುವಂತೋಳಾ? ಎಣ ಕಟ್ಟಿ ಕಳ್ಸಿವ್ನಿ ಈ ಕೈಯಲ್ಲಿ" ಎಂದಳು. ಅವಳಿಗೆ ನೋವಾಗಿದ್ದು ಕಾಯಿಲೆಗಲ್ಲ, ಆ ಮಾತಿಗೆ. ಮನಸ್ಸಿನ ಡಾಕ್ಟರ ಹತ್ತಿರ ಸುತರಾಂ ಹೋಗುವುದಿಲ್ಲ ಎಂದಳು. ಕಾಫಿ ಬಿಡಲಾರಳು. ಉಳಿದದ್ದು ಧ್ಯಾನ.

ಧ್ಯಾನ ನಮ್ಮ ಮನೆಗೆ ಹೊಸದೇನಲ್ಲ. ನಮ್ಮದು ಅರಕಲಗೂಡು ಕಡೆಯ ಊರು. ಕೇರಿಯಲ್ಲಿ ಮೊದಲು ಬುದ್ಧನ ಪಟ ತಂದು ಗೋಡೆಗೆ ಹಾಕಿದವರು ನಮ್ಮಪ್ಪ. ಅವ್ವ ಅದೇ ಗೋಡೆಯಲ್ಲಿದ್ದ ಮಾರಮ್ಮನ ಪಟವನ್ನು ತೆಗೆಯಲಿಲ್ಲ, ಅಪ್ಪ ತೆಗೆ ಎನ್ನಲೂ ಇಲ್ಲ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರು. ಬೆಳಗಿನ ಡ್ಯೂಟಿಗೆ ಹೊರಡುವ ಮುಂಚೆ ಖಾಕಿ ಪ್ಯಾಂಟು ಹಾಕಿಕೊಂಡೇ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾವಿಬ್ಬರೂ ಆಗ ಚಿಕ್ಕವರು. ಅಪ್ಪ ಕೂತೇ ನಿದ್ದೆ ಮಾಡುತ್ತಾರೆ ಎಂದು ನಗುತ್ತಿದ್ದೆವು. ಒಂದು ಸಲ ಅಕ್ಕ, "ಅಂಗೆ ಕುಂತ್ಕಂಡು ಏನ್ ಮಾಡ್ತೀಯಪ್ಪ?" ಎಂದು ಕೇಳಿಯೇಬಿಟ್ಟಿದ್ದಳು.

"ಉಸ್ರು ನೋಡ್ತೀನಿ ಕಣವ್ವ. ಬತ್ತದೆ, ಓಯ್ತದೆ. ಅದ್ನ ನೋಡ್ಕಂಡು ಸ್ಟೇರಿಂಗ್ ಇಡುದ್ರೆ ಅಡ್ಡ ಬಂದೋನ ಮ್ಯಾಲೆ ಸಿಟ್ಟು ಬರಾಕಿಲ್ಲ."

ಅಪ್ಪ ಎರಡನೇ ಅಲೆಯಲ್ಲಿ ಹೋದರು. ಹಾಸನದ ಆಸ್ಪತ್ರೆಯ ವಾರ್ಡಿನಲ್ಲಿ. ಅಕ್ಕನಿಗೂ ಆಗ ಅಲ್ಲಿಗೇ ಡ್ಯೂಟಿ ಹಾಕಿದ್ದರು. ಅಪ್ಪ ಹೋದ ದಿನ ಅವಳು ಅದೇ ವಾರ್ಡಿನಲ್ಲಿದ್ದಳು. ಅವ್ವನನ್ನಾಗಲಿ ನನ್ನನ್ನಾಗಲಿ ಒಳಗೆ ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ದೂರದಿಂದ ತೋರಿಸಿದರು. ಕೊನೇ ಗಳಿಗೆಯಲ್ಲಿ ಮಗಳಾದರೂ ಹತ್ತಿರ ಇದ್ದಳಲ್ಲ ಎಂದು ಹೇಳಿಕೊಂಡೇ ಅವ್ವ ಆ ವರ್ಷ ಬದುಕಿದ್ದು. ಬಂದವರಿಗೆಲ್ಲ ಅದನ್ನೇ ಹೇಳುವಳು. ಅಕ್ಕ ಎದ್ದು ಒಳಗೆ ಹೋಗಿಬಿಡುವಳು. ದುಃಖಕ್ಕೆ ಹೋಗುತ್ತಾಳೆ ಎಂದುಕೊಂಡಿದ್ದೆವು.

ಅಪ್ಪ ಸತ್ತ ಎರಡು ವರ್ಷದ ಮೇಲೆ ಬಸ್ ಸ್ಟ್ಯಾಂಡಿನ ಈ ಘಟನೆ ನಡೆದದ್ದು.

ಭಾನುವಾರಗಳಲ್ಲಿ ನಾನು ಹೊಳೆನರಸೀಪುರಕ್ಕೆ ಹೋಗತೊಡಗಿದೆ. ಅಕ್ಕ ಅಪ್ಪನ ಚಾಪೆಯಂಥದ್ದೇ ಒಂದು ಚಾಪೆ ಕೊಂಡಿದ್ದಳು. ನಡುಮನೆಯಲ್ಲಿ ಇಬ್ಬರೂ ಕೂರುತ್ತಿದ್ದೆವು. ನಾನು ಓದಿ ತಿಳಿದದ್ದನ್ನು ಹೇಳುತ್ತಿದ್ದೆ. ಮಿದುಳಿನಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಇಳಿಯುವ ಒಂದು ಉದ್ದನೆಯ ನರವಿದೆ, ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟರೆ ಆ ನರ ಎದೆಬಡಿತವನ್ನು ತಗ್ಗಿಸುತ್ತದೆ ಎಂದೆ. ಮಿದುಳಿನ ಒಳಗೆ ಬಾದಾಮಿ ಬೀಜದಂಥ ಒಂದು ಜಾಗವಿದೆ, ಅಪಾಯ ಕಂಡರೆ ಮೊದಲು ಕೂಗಿಕೊಳ್ಳುವುದು ಅದೇ, ಸುಮ್ಮನೆ ಕೂತು ಅಭ್ಯಾಸ ಮಾಡಿದವರಲ್ಲಿ ಆ ಕೂಗು ಮೆಲ್ಲಗೆ ಕಮ್ಮಿಯಾಗುತ್ತದಂತೆ ಎಂದೆ. ಅಕ್ಕನಿಗೆ ನರದ ವಿಷಯ ಗೊತ್ತಿತ್ತು, ಬಾದಾಮಿಯ ವಿಷಯ ಇಷ್ಟವಾಯಿತು.

"ನಂದು ಬಾದಾಮಿ ಅಲ್ಲ ಬುಡು, ತೆಂಗಿನ್ಕಾಯಿ ಗಾತ್ರ ಆಗೈತೆ" ಎಂದು ನಕ್ಕಳು.

ಮೊದಲ ತಿಂಗಳುಗಳು ಚೆನ್ನಾಗಿಯೇ ಇದ್ದವು. ಕೋವಿಡ್ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಯಲ್ಲಿತ್ತು. ಕೂರುವ ಮುಂಚೆ ಒಂದು ಸಲ, ಎದ್ದ ಮೇಲೆ ಒಂದು ಸಲ ಅಕ್ಕ ಅದನ್ನು ಸಿಕ್ಕಿಸಿಕೊಂಡು ನಾಡಿ ನೋಡುವಳು. ಓಡುತ್ತಿದ್ದ ನಾಡಿ ಎದ್ದಾಗ ನಡೆಯುತ್ತಿರುತ್ತಿತ್ತು. ತಣ್ಣಗಿದ್ದ ಬೆರಳು ಬೆಚ್ಚಗಾಗುತ್ತಿತ್ತು. ರಾತ್ರಿ ನಿದ್ದೆ ಹತ್ತಿತು, ತಲೆನೋವಿನ ಮಾತ್ರೆ ನಿಂತಿತು. ಕತ್ತಿನ ಹಿಂದೆ ಕಲ್ಲಿನ ಹಾಗೆ ಕಟ್ಟಿಕೊಂಡಿದ್ದ ಗಂಟು ಸಡಿಲವಾಯಿತೆಂದು ಮುಟ್ಟಿ ತೋರಿಸಿದಳು. ನನಗೂ ಹೊಟ್ಟೆಯುರಿ ಕಮ್ಮಿಯಾಗಿತ್ತು. ಇಡೀ ದಿನ ಹಲ್ಲು ಕಚ್ಚಿಕೊಂಡಿರುವ ಅಭ್ಯಾಸ ನನ್ನದು ಎಂಬುದೇ ನನಗೆ ಗೊತ್ತಿರಲಿಲ್ಲ. ಕೂತಾಗ ದವಡೆ ಕೆಳಗಿಳಿದ ಮೇಲೆಯೇ ಗೊತ್ತಾದದ್ದು.

ಹಾಸನದಲ್ಲಿ ಶನಿವಾರ ಸಂಜೆ ಕೂಡುವ ಒಂದು ಗುಂಪು ಅಕ್ಕನಿಗೆ ಸಿಕ್ಕಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು ಬಾಡಿಗೆಯ ಕೋಣೆಯೊಂದರಲ್ಲಿ ಧ್ಯಾನ ಹೇಳಿಕೊಡುತ್ತಿದ್ದರು. ಒಳ್ಳೆಯ ಮನುಷ್ಯ. ಅಪ್ಪನ ಪರಿಚಯವೂ ಅವರಿಗಿತ್ತು. "ನಿಮ್ಮ ತಂದೆ ಓಡಿಸೋ ಬಸ್ಸಲ್ಲಿ ಕೂತ್ರೆ ನಮಗೆ ನಿದ್ದೆ ಬರ್ತಿತ್ತಮ್ಮ" ಎಂದಿದ್ದರು. ಅಕ್ಕ ಅಲ್ಲಿಗೆ ಹೋಗಲು ಹಿಡಿದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರತೊಡಗಿದಳು. ನನಗೆ ಅಷ್ಟು ಹೊತ್ತು ಆಗುತ್ತಿರಲಿಲ್ಲ.

ಏನೋ ಬದಲಾಗುತ್ತಿದೆ ಎಂದು ಮೊದಲು ಹೇಳಿದವರು ಬಾವ. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ, ತಲೆ ಎತ್ತದೆ ಹೇಳಿದರು.

"ನಿಮ್ಮಕ್ಕ ಬೈಯದೇ ಬುಟ್ಬುಟ್ಲು ಕಣಮ್ಮ."

"ಒಳ್ಳೇದಾಯ್ತಲ್ಲ ಬಾವ."

"ಒಳ್ಳೇದೇನೋ ಸರಿ. ಆದ್ರೆ ನಗದೂ ಇಲ್ಲ. ನಾನು ಏನಾರ ಯೋಳುದ್ರೆ ಊ ಅಂತಾಳೆ. ಗೋಡೆ ಜೊತೆ ಸಂಸಾರ ಮಾಡ್ದಂಗಾಗೈತೆ."

ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ನರ್ಸು ಕ್ಯಾನ್ಸರಿನಲ್ಲಿ ತೀರಿಕೊಂಡರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಅಕ್ಕ ಹೋದಳು, ಹೂ ಹಾಕಿದಳು, ಬಂದು ಸೊಪ್ಪು ಸೋಸಿದಳು. ಕಣ್ಣಲ್ಲಿ ಒಂದು ಹನಿಯಿಲ್ಲ. ನಾನು ಕೇಳಿದ್ದಕ್ಕೆ, ಎಲ್ಲ ಕಿಟಕಿಯ ಆಚೆ ನಡೆಯುತ್ತಿರುವ ಹಾಗೆ ಕಾಣಿಸಿತು, ತನ್ನ ಕೈಯನ್ನು ನೋಡಿಕೊಂಡರೂ ಯಾರದೋ ಕೈಯನ್ನು ನೋಡಿದ ಹಾಗೆ ಅನ್ನಿಸುತ್ತದೆ ಎಂದಳು. ಅದನ್ನು ದೂರಿನ ಹಾಗೆ ಹೇಳಲಿಲ್ಲ. ಗುಂಪಿನಲ್ಲಿ ಯಾರೋ, ಇದು ಒಳ್ಳೆಯ ಲಕ್ಷಣ, ಅಂಟು ಬಿಡುತ್ತಿದೆ ಎಂದಿದ್ದರಂತೆ. ಊರಿನಿಂದ ಬಂದಿದ್ದ ಅವ್ವ ಮಾತ್ರ ವಾಪಸು ಹೋಗುವಾಗ ನನ್ನ ಕಿವಿಯಲ್ಲಿ, "ಇವ್ಳು ಎಲ್ಲೋ ಒಂಟೋಗವ್ಳೆ ಕಣಮ್ಮಿ. ಮನೇಲಿಲ್ಲ ಇವ್ಳು" ಎಂದಳು.

ಮುಂದಿನ ಬೇಸಿಗೆಯಲ್ಲಿ ಅಕ್ಕ ರಜೆ ಹಾಕಿ ಮೌನ ಶಿಬಿರವೊಂದಕ್ಕೆ ಹೋದಳು. ಹಾಸನದಿಂದ ಆಚೆ, ಯಾರದೋ ತೋಟದಲ್ಲಿ ನಡೆಯುತ್ತಿದ್ದ ಶಿಬಿರ. ಫೋನು ಕೊಟ್ಟುಬಿಡಬೇಕು, ಮಾತಾಡುವಂತಿಲ್ಲ, ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನಸುಕಿನಿಂದ ಕತ್ತಲಾಗುವವರೆಗೆ ಕೂತು ಉಸಿರನ್ನು ನೋಡುವುದೇ ಕೆಲಸ. ಬಾವನಿಗೆ ಇಷ್ಟವಿರಲಿಲ್ಲ. "ಓಗ್ಲಿ ಬುಡು, ನಿಮ್ಮಪ್ಪನ ದಾರೀಲಿ ಓಯ್ತಾಳೆ" ಎಂದು ತಾವೇ ಸಮಾಧಾನ ಮಾಡಿಕೊಂಡು ಬಿಟ್ಟು ಬಂದರು.

ಶಿಬಿರ ಮುಗಿಯುವ ಮುಂಚೆಯೇ ಅಲ್ಲಿಂದ ಫೋನು ಬಂತು. ಬಂದು ಕರೆದುಕೊಂಡು ಹೋಗಿ ಎಂದಷ್ಟೇ ಹೇಳಿದರಂತೆ. ಬಾವ ಗೆಳೆಯರೊಬ್ಬರ ಕಾರು ತೆಗೆದುಕೊಂಡು ಬಂದರು, ನಾನು ಹಾಸನದಲ್ಲಿ ಹತ್ತಿಕೊಂಡೆ.

ಅಕ್ಕ ಗೇಟಿನ ಪಕ್ಕ, ಹಲಸಿನ ಮರದ ಕೆಳಗೆ, ಬ್ಯಾಗು ಕಾಲಬುಡದಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಶಿಬಿರದ ಹೆಂಗಸೊಬ್ಬರು ಬೆನ್ನು ಸವರುತ್ತಿದ್ದರು. ಅಕ್ಕನ ಎರಡೂ ಕೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಗಟ್ಟಿಯಾಗಿದ್ದವು. ತುಟಿ ಬಿಳಿಚಿಕೊಂಡಿತ್ತು, ಎದೆ ಮೇಲೆ ಕೆಳಗೆ ಹೊಡೆದುಕೊಳ್ಳುತ್ತಿತ್ತು. ಬಾವ ಆ ಬೆರಳುಗಳನ್ನು ನೋಡಿ ಅತ್ತೇಬಿಟ್ಟರು, ಲಕ್ವ ಹೊಡೆದಿದೆ ಎಂದುಕೊಂಡು. ಅಕ್ಕನೇ ತಡೆದು ತಡೆದು ಹೇಳಿದಳು.

"ಲಕ್ವ ಅಲ್ಲ. ಉಸ್ರು ಜಾಸ್ತಿ ಎಳ್ದು ಬುಟ್ಟಿವ್ನಿ. ಅದ್ಕೆ ಬೆಳ್ಳು ಇಂಗಾಗದು. ಸರಿ ಓಯ್ತದೆ."

ಹೌದು, ಅತಿಯಾಗಿ ಉಸಿರಾಡಿದರೆ ರಕ್ತದ ಹದ ತಪ್ಪಿ ಕೈಕಾಲು ಸೆಟೆದುಕೊಳ್ಳುತ್ತವೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಬೆನ್ನು ಸವರುತ್ತಿದ್ದ ಹೆಂಗಸು, ಅಕ್ಕ ಮೂರನೇ ದಿನದಿಂದಲೇ ಊಟ ಬಿಟ್ಟಿದ್ದಳೆಂದೂ, ಹೇಳಿಕೊಡುವವರ ಹತ್ತಿರ ಹೋಗಿ ಆಗುತ್ತಿಲ್ಲ ಎಂದದ್ದಕ್ಕೆ ಅವರು ಬರುವುದು ಬರಲಿ, ಬಿಡದೆ ನೋಡುತ್ತಿರಿ, ತಾನಾಗಿ ಹೋಗುತ್ತದೆ ಎಂದಿದ್ದರೆಂದೂ ಹೇಳಿದರು. ಅವರಿಗೆ ಅಕ್ಕನ ಒಳಗೆ ಏನು ಬರುತ್ತಿದೆ ಎಂದು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಕಾರು ಹೊರಟು ಸ್ವಲ್ಪ ದೂರ ಬರುವುದರೊಳಗೆ ಅಕ್ಕ ಕಿಟಕಿ ಬಡಿಯತೊಡಗಿದಳು. ಮುಚ್ಚಿದ ಕಾರಿನಲ್ಲಿ ಅವಳಿಗೆ ಕೂರಲಾಗುತ್ತಿರಲಿಲ್ಲ. ಮೊಸಳೆ ಎಂಬ ಊರಿನ ಹತ್ತಿರ ಬಂದಿದ್ದೆವು. ಬಾವ ಊರೊಳಗೆ ತಿರುಗಿಸಿ, ಜೋಡಿ ಗುಡಿಗಳ ಮುಂದೆ ನಿಲ್ಲಿಸಿದರು. ಆ ಬಿಸಿಲಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಗುಡಿಯ ನೆರಳಿನ ಕಡೆಗಿದ್ದ ಜಗಲಿಯ ಮೇಲೆ ಅಕ್ಕನನ್ನು ಕೂರಿಸಿ ನೀರು ಕುಡಿಸಿದೆ. ಬೆರಳು ಒಂದೊಂದಾಗಿ ಬಿಡಿಸಿಕೊಂಡವು. ಬಾವ ಸ್ವಲ್ಪ ದೂರದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು.

"ಅಪ್ಪ ಕರುದ್ರು ಕಣಮ್ಮಿ" ಎಂದಳು ಅಕ್ಕ.

ನಾನು ನೀರಿನ ಬಾಟಲಿಗೆ ಮುಚ್ಚಳ ಹಾಕಿದೆ. ಅವಳೇ ಹೇಳಿದಳು.

"ಅವತ್ತು ವಾರ್ಡಲ್ಲಿ. ಮಾಸ್ಕ್ ಒಳ್ಗೆ ಬಾಯಿ ಆಡುಸ್ತಿದ್ರು. ಕೈ ಎತ್ತಿ ಬಾ ಅಂದ್ರು. ಪಕ್ಕದ್ ಸಾಲಲ್ಲಿ ಒಂದು ಬಾಣ್ತಿ ಎಣ್ಣು. ಅವ್ಳ ಪೈಪು ಕಿತ್ತೋಗಿ ಆಕ್ಸಿಜನ್ ಬುಸ್ ಅಂತ ಆಚೆ ಓಯ್ತಾ ಐತೆ. ನಾನು ಅಪ್ಪಂಗೆ ಒಂದು ಬೆಳ್ಳು ಎತ್ತಿ ತೋರ್ಸ್ದೆ. ಒಂದ್ನಿಮ್ಸ ಅಂತ. ತೋರ್ಸಿ ಅತ್ಲಾಗೆ ಓದೆ. ಪೈಪು ಸರಿ ಮಾಡಿ ತಿರಿಕ್ಕಂಡು ನೋಡ್ತೀನಿ, ಕೈ ಅಂಗೇ ಮಂಚದಿಂದ ಕೆಳೀಕೆ ಬಿದ್ದೈತೆ."

ಬಾವ ಹತ್ತಿರ ಬಂದರು. "ಆ ಎಣ್ಣು ಉಳುದ್ಲಾ?" ಎಂದು ಕೇಳಿದರು.

"ಅವತ್ತು ಉಳುದ್ಲು. ಆಮೇಕೆ ಬ್ಯಾರೆ ವಾರ್ಡಿಗೆ ಆಕುದ್ರು. ಗೊತ್ತಿಲ್ಲ."

ಆಮೇಲೆ ಅಕ್ಕ ಹೇಳಿದ ಮಾತು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಆ ದಿನ ಎಲ್ಲ ನರ್ಸುಗಳೂ ತಲೆಯಿಂದ ಕಾಲಿನವರೆಗೆ ಬಿಳೀ ಪ್ಲಾಸ್ಟಿಕ್ ಉಡುಪಿನಲ್ಲಿದ್ದರು. ಯಾರು ಯಾರೆಂದು ತಿಳಿಯಲು ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಅಪ್ಪನಿಗೆ ಕಂಡದ್ದು ಮುಂಭಾಗ.

"ಅದು ನಾನೇ ಅಂತ ಅಪ್ಪಂಗೆ ಗೊತ್ತಿತ್ತೋ, ಇಲ್ಲ ಯಾರೋ ನರ್ಸು ಅಂತ ಕರುದ್ರೋ. ಗೊತ್ತಿದ್ರೆ ಮಗಳು ಬರ್ಲಿಲ್ಲ ಅಂದ್ಕಂಡು ಓದ್ರು. ಗೊತ್ತಿಲ್ದಿದ್ರೆ ಯಾರೂ ಇಲ್ಲ ಅಂದ್ಕಂಡು ಓದ್ರು. ಯಾವ್ದು ವಾಸಿ ಯೋಳು."

ಶಿಬಿರದಲ್ಲಿ ಏನಾಯಿತೆಂದು ಕೇಳಿದೆ. ಮೊದಲ ಎರಡು ದಿನ ಹೇಗೋ ಕಳೆಯಿತಂತೆ. ಆಮೇಲೆ ಕಣ್ಣು ಮುಚ್ಚಿದರೆ ತನ್ನ ಉಸಿರು ತನ್ನದಾಗಿ ಕೇಳಿಸುತ್ತಿರಲಿಲ್ಲ. ಅಪ್ಪನ ಉಸಿರು ಕೇಳಿಸುತ್ತಿತ್ತು. ಎರಡು ಸಲ ಚಿಕ್ಕದಾಗಿ ಎಳೆದು, ನಿಂತು, ಮತ್ತೆ ಎಳೆಯುವ ಆ ಉಸಿರು. ವರ್ಷಗಟ್ಟಲೆ ರೋಗಿಗಳ ಪಕ್ಕದಲ್ಲಿ ನಿಂತು ಪಳಗಿದ ಕಿವಿ ಅವಳದು. ಎರಡು ಉಸಿರಿನ ನಡುವೆ ಎಷ್ಟು ಹೊತ್ತು ಖಾಲಿಯಿದೆ ಎಂದು ಅದು ತಾನಾಗಿಯೇ ಎಣಿಸುತ್ತಿತ್ತು.

"ಉಸ್ರು ನೋಡಿ, ಉಸ್ರು ನೋಡಿ ಅಂತಾರೆ. ನಂಗೆ ಗೊತ್ತಿರಾದು ಒಂದೇ ತರ ನೋಡದು ಕಣಮ್ಮಿ. ಯಾವಾಗ ನಿಲ್ತದೆ ಅಂತ ನೋಡದು."

ಮರುದಿನ ಹಾಸನದಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋದೆವು. ಈ ಸಲ ಅಕ್ಕ ಬೇಡವೆನ್ನಲಿಲ್ಲ. ಬೇಡವೆನ್ನುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಡಾಕ್ಟರು ನಡುವಯಸ್ಸಿನ ಹೆಂಗಸು, ಮೆಲುದನಿ. ಅಕ್ಕ ಹೇಳಿದ್ದನ್ನೆಲ್ಲ ಬರೆದುಕೊಳ್ಳದೆ ಕೇಳಿದರು. ನಾನು ನಡುವೆ ಬಾಯಿ ಹಾಕಿ, ಧ್ಯಾನದಿಂದ ಮೊದಲು ಎಷ್ಟು ಒಳ್ಳೆಯದಾಗಿತ್ತು, ನಾಡಿ ಹೇಗೆ ಇಳಿಯುತ್ತಿತ್ತು ಎಂದೆಲ್ಲ ಹೇಳಿದೆ.

"ಆಗಿರುತ್ತೆ" ಎಂದರು ಅವರು. "ಧ್ಯಾನ ಮೈ ಮೇಲೆ ಕೆಲಸ ಮಾಡುತ್ತೆ, ಸುಳ್ಳಲ್ಲ. ಕೆಲಸ ಮಾಡೋ ಯಾವುದೇ ಆಗಲಿ, ಎಲ್ಲರ ಮೇಲೂ ಒಂದೇ ಥರ ಮಾಡಲ್ಲ. ನಿಮಗೆ ಉಸಿರು ಅಂದ್ರೆ ಬರೀ ಉಸಿರು. ಇವರಿಗೆ ಅದು ಆ ವಾರ್ಡು. ದಿನಾ ಗಂಟೆಗಟ್ಟಲೆ ಇವರು ಆ ವಾರ್ಡಿಗೇ ಹೋಗಿ ಕೂತಿದ್ದಾರೆ, ಬಾಗಿಲು ಹಾಕಿಕೊಂಡು."

ಕೈ ತನ್ನದಲ್ಲ ಎನ್ನಿಸಿದ್ದು, ಅಳು ಬರದೇ ಹೋದದ್ದು ಶಾಂತಿಯಲ್ಲ ಎಂದೂ ಅವರೇ ಹೇಳಿದರು. ತಡೆಯಲಾರದ್ದು ಬಂದಾಗ ಮಿದುಳು ಕೆಲವು ಸಲ ದೀಪ ಆರಿಸಿದ ಹಾಗೆ ಎಲ್ಲವನ್ನೂ ಮಂಕು ಮಾಡಿಬಿಡುತ್ತದಂತೆ. ನೋವೂ ತಿಳಿಯುವುದಿಲ್ಲ, ಪ್ರೀತಿಯೂ ತಿಳಿಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಸಮಾಧಾನದ ಹಾಗೇ ಕಾಣುತ್ತದೆ. ಬಾವ ಕುರ್ಚಿಯ ತುದಿಯಲ್ಲಿ ಕೂತು ತಲೆಯಾಡಿಸುತ್ತಿದ್ದರು. ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಹೇಳಲು ಮಾತಿರಲಿಲ್ಲ ಅಷ್ಟೆ.

ಮಾತ್ರೆ ಕೊಟ್ಟರು. ಉಸಿರು ನೋಡುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. ಕೂರಲೇಬೇಕು ಅನ್ನಿಸಿದರೆ ಕಣ್ಣು ತೆರೆದುಕೊಂಡು, ಪಾದ ನೆಲಕ್ಕೆ ಊರಿ, ಪಾದದ ಕೆಳಗಿನ ತಂಪನ್ನು ಗಮನಿಸಿ, ಹೊರಗಿನ ಸದ್ದು ಕೇಳಿ, ಅದೂ ಸ್ವಲ್ಪ ಹೊತ್ತು ಮಾತ್ರ ಎಂದರು. ಹದಿನೈದು ದಿನಕ್ಕೊಮ್ಮೆ ಬಂದು ಆ ದಿನದ ಬಗ್ಗೆ ಮಾತಾಡಬೇಕು ಎಂದರು.

ಆಮೇಲಿನದು ನಿಧಾನದ ಕೆಲಸ. ಅದರಲ್ಲಿ ಹೇಳಿಕೊಳ್ಳುವಂಥ ದಿನಗಳೇ ಕಮ್ಮಿ. ಮಾತ್ರೆಯಿಂದ ಅಕ್ಕನ ಬಾಯಿ ಒಣಗುತ್ತಿತ್ತು, ಮೈ ತೂಕ ಏರಿತು, ಬೆಳಿಗ್ಗೆ ಏಳಲಾಗುತ್ತಿರಲಿಲ್ಲ. ಬಾವ ಅಂಗಡಿ ಮುಚ್ಚಿಕೊಂಡು ಹಾಸನಕ್ಕೆ ಕರೆದುಕೊಂಡು ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾದು ಕೂರುವರು. ಮಾತಾಡಿ ಆಚೆ ಬಂದ ದಿನ ಅಕ್ಕ ಅತ್ತು ಅತ್ತು ಮುಖ ಊದಿಸಿಕೊಂಡಿರುವಳು. ಮೊದಲ ಸಲ ಹಾಗೆ ಅತ್ತ ದಿನ ಬಾವ ನನಗೆ ಫೋನು ಮಾಡಿ, "ಅತ್ಲು ಕಣಮ್ಮ, ಇವತ್ತು ಅತ್ಲು" ಎಂದು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು. ಅದು ಒಳ್ಳೆಯ ಸುದ್ದಿಯೇ ಆಗಿತ್ತು. ಅಳು ವಾಪಸು ಬಂದ ಜೊತೆಗೆ ಹೆದರಿಕೆಯೂ ವಾಪಸು ಬಂತು. ಬಸ್ಸಿನ ಬ್ರೇಕು, ಪಂಕ್ಚರ್ ಅಂಗಡಿಯ ಗಾಳಿ ಮೆಷಿನ್ನು, ಕುಕ್ಕರಿನ ವಿಷಲ್ಲು, ಯಾವುದು ಕೇಳಿದರೂ ಗೋಡೆ ಹಿಡಿದುಕೊಳ್ಳುವಳು. ಬಾವ ಕುಕ್ಕರನ್ನು ಅಟ್ಟಕ್ಕೆ ಹಾಕಿದರು. ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿ ಗಂಜಿ ಬಸಿಯುವುದನ್ನು ಅವರೇ ಕಲಿತರು.

ನಾನು ಕೂರುವುದನ್ನು ಬಿಡಲಿಲ್ಲ. ಹೇಳಲು ಒಂಥರಾ ಆಗುತ್ತದೆ. ಅದೇ ಚಾಪೆ, ಅದೇ ಉಸಿರು, ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು. ನನಗೆ ಅದು ಒಗ್ಗಿತು. ಸ್ಕೂಲಿನಲ್ಲಿ ಮಕ್ಕಳ ಮೇಲೆ ರೇಗುವುದು ಕಮ್ಮಿಯಾಗಿದೆ, ರಾತ್ರಿ ಮಲಗಿದರೆ ನಿದ್ದೆ ಬರುತ್ತದೆ. ಅಪ್ಪನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೂರದಿಂದ ತೋರಿಸಿದ್ದನ್ನು ನೆನೆಸಿಕೊಂಡರೆ ನನಗೂ ಅಳು ಬರುತ್ತದೆ, ಆದರೆ ಉಸಿರು ಬಂದು ಹೋಗುತ್ತಿರುತ್ತದೆ. ನಾನು ಆಸ್ಪತ್ರೆಯ ಗೇಟಿನ ಆಚೆ ಇದ್ದವಳು. ಅವಳು ಒಳಗಿದ್ದವಳು. ವ್ಯತ್ಯಾಸ ಇಷ್ಟೇ ಇರಬಹುದು.

ಅಕ್ಕ ವಾರ್ಡಿನ ಕೆಲಸಕ್ಕೆ ಮರಳಲಿಲ್ಲ. ಅರ್ಜಿ ಹಾಕಿ, ಓಡಾಡಿ, ಕಡೆಗೆ ಅರಕಲಗೂಡಿನ ಆಸ್ಪತ್ರೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕೋಣೆಗೆ ಹಾಕಿಸಿಕೊಂಡಳು. ಹೊಳೆನರಸೀಪುರದಿಂದ ದಿನಾ ಬಸ್ಸು. ಬಸ್ ಸ್ಟ್ಯಾಂಡಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ಮೇಲೆ ಸ್ಕಾರ್ಫು ಕಟ್ಟಿಕೊಂಡು ನಿಲ್ಲುತ್ತಾಳೆ. ನೋಡಿದವರು ಥಂಡಿ ಎಂದುಕೊಳ್ಳುತ್ತಾರೆ. ಸೂಜಿ ಚುಚ್ಚಿದ ಮಕ್ಕಳು ಕಿರುಚಿಕೊಂಡು ಅಳುವ ಕೋಣೆ ಅದು. ನಾನು ಒಮ್ಮೆ ಹೋಗಿದ್ದೆ. ತಲೆ ಸಿಡಿಯುವಷ್ಟು ಗಲಾಟೆ.

"ಎಂಗಕ್ಕ ಇರ್ತೀಯ ಇದ್ರಲ್ಲಿ?"

"ಅಳ್ಳಿ ಬುಡು. ಇಷ್ಟು ಜೋರಾಗಿ ಅಳಾ ಮಕ್ಳ ಉಸ್ರು ನಾನು ನೋಡ್ಬೇಕಾಗಿಲ್ಲ" ಎಂದಳು.

ಡಾಕ್ಟರು ಹೇಳಿದ ಒಂದು ಕೆಲಸವನ್ನು ಅಕ್ಕ ತುಂಬ ದಿನ ಮುಂದೂಡಿದ್ದಳು. ಅಪ್ಪನ ವಿಷಯವನ್ನು ಅವ್ವನಿಗೆ ಹೇಳುವುದು. ಹೇಳಲೇಬೇಕೆಂದು ಅವರೇನೂ ಒತ್ತಾಯ ಮಾಡಿರಲಿಲ್ಲ. ಹೇಳಿದರೆ ಹಗುರಾಗಬಹುದು, ಯೋಚನೆ ಮಾಡಿ ಎಂದಿದ್ದರು. ಹೋದ ವರ್ಷ ಅಪ್ಪ ತೀರಿದ ದಿನದ ಪೂಜೆಗೆ ಊರಿನಲ್ಲಿ ಸೇರಿದ್ದೆವು. ಮೊದಲು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಎಲ್ಲರೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತೆವು. ಅಕ್ಕ ಮಾತ್ರ ಕಣ್ಣು ತೆರೆದುಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಬಂದವರು ಉಂಡು ಹೋದರು. ಅವ್ವ ಎಂದಿನಂತೆ ಒಬ್ಬ ನೆಂಟರ ಹೆಂಗಸಿಗೆ, "ಕೊನೇ ಗಳ್ಗೇಲಿ ಮಗ್ಳು ಕೈ ಇಡ್ಕಂಡಿದ್ಲು ಕಣವ್ವ" ಎಂದು ಹೇಳಿ ಕಳಿಸಿ ಒಳಗೆ ಬಂದಳು.

"ಇಡ್ಕಂಡಿರ್ನಿಲ್ಲ ಕಣವ್ವ" ಎಂದಳು ಅಕ್ಕ.

ಹಿತ್ತಲ ಬಾಗಿಲಲ್ಲಿ ಕೂತು ಎಲ್ಲ ಹೇಳಿದಳು. ಪೈಪು, ಬಾಣಂತಿ, ಎತ್ತಿದ ಬೆರಳು, ಮಂಚದಿಂದ ಇಳಿಬಿದ್ದ ಕೈ. ನಾನು ಪಕ್ಕದಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೂತಿದ್ದೆ. ಅವ್ವ ಅಪ್ಪಿಕೊಳ್ಳುತ್ತಾಳೆ, ನಿಂದೇನು ತಪ್ಪವ್ವ ಎನ್ನುತ್ತಾಳೆ ಎಂದು ನಾನು ಕಾದಿದ್ದೆ. ಅಕ್ಕನೂ ಕಾದಿದ್ದಳು. ಅವ್ವ ಕೊನೆಯವರೆಗೂ ಕೇಳಿದಳು. ಆಮೇಲೆ ಎದ್ದು, ಉಳಿದ ಅನ್ನವನ್ನು ತೆಗೆದುಕೊಂಡು ಹೋಗಿ ಕೋಳಿಗಳಿಗೆ ಹಾಕಿದಳು. ಒಳಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆ ನಾವು ಹೊರಟಾಗ ನನಗೆ ಒಂದು ಚೀಲ ಹುರುಳಿಕಾಳು ಕೊಟ್ಟಳು, ಅಕ್ಕನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಅಕ್ಕ, "ಯೋಳ್ಬಾರ್ದಿತ್ತು" ಎಂದಳು. ಅವ್ವನ ಹತ್ತಿರ ಇದ್ದದ್ದು ಅದೊಂದೇ ಸಮಾಧಾನ. ಅಕ್ಕ ಹಗುರಾಗಬೇಕಾದರೆ ಅದನ್ನು ಅವ್ವನಿಂದ ತೆಗೆದುಕೊಳ್ಳಬೇಕಾಗಿತ್ತು. ಬೇರೆ ದಾರಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಎಷ್ಟೋ ದಿನ ಅವ್ವ ಅಕ್ಕನಿಗೆ ಫೋನು ಮಾಡಲಿಲ್ಲ. ನನಗೆ ಮಾಡಿದರೆ ಹಾಲಿನ ಡೈರಿಯ ವಿಷಯ, ಮೊಣಕಾಲಿನ ವಿಷಯ. ಅಕ್ಕನ ಮಾತು ತೆಗೆದರೆ ಇಟ್ಟುಬಿಡುವಳು. ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಅವ್ವ. ಅಕ್ಕ ಸ್ಪೀಕರಿಗೆ ಹಾಕಿದಳು, ಒಬ್ಬಳೇ ಕೇಳುವ ಧೈರ್ಯವಿಲ್ಲದೆ.

"ಉಂಡ್ಯಾ?" ಎಂದಳು ಅವ್ವ.

"ಉಂಡೆ ಕಣವ್ವ."

"ಏನ್ ಮಾಡಿದ್ದೆ?"

"ಉಪ್ಸಾರು."

"ಊ." ಅವ್ವ ಆ ಕಡೆ ಕೋಳಿ ಓಡಿಸಿದ್ದು ಕೇಳಿಸಿತು. "ಮಾತ್ರೆ ತಿನ್ನು, ಬುಡ್ಬ್ಯಾಡ" ಎಂದು ಇಟ್ಟಳು.

ಆಮೇಲೆ ಅವರಿಬ್ಬರ ನಡುವೆ ಆ ಮಾತು ಮತ್ತೆ ಬಂದಿಲ್ಲ. ಅವ್ವ ಈಗ ಯಾರಿಗೂ ಅಪ್ಪನ ಕೊನೇ ಗಳಿಗೆಯ ಕಥೆ ಹೇಳುವುದಿಲ್ಲ. ಯಾರಾದರೂ ಕೇಳಿದರೆ, ಹೋದರು, ಅಷ್ಟೇ ಎನ್ನುತ್ತಾಳೆ. ಅಕ್ಕನಿಗೆ ಮೊದಲಿನಷ್ಟು ಸಲ ಎದೆ ಹೊಡೆದುಕೊಳ್ಳುವುದಿಲ್ಲ. ಆದರೆ ಯಾವಾಗ ಹೊಡೆದುಕೊಳ್ಳುತ್ತದೆ ಎಂದು ಹೇಳಲು ಬರುವುದಿಲ್ಲ. ಕಳೆದ ತಿಂಗಳು ಹುಷಾರಾಗಿದ್ದವಳು, ಬೀದಿಯಲ್ಲಿ ಬಲೂನು ಮಾರುವವನು ಗಾಳಿ ತುಂಬುವ ಸದ್ದಿಗೆ ಕಾಂಪೌಂಡು ಹಿಡಿದು ಕೂತುಬಿಟ್ಟಳು. ಬಾವ ಅವಳ ಚಪ್ಪಲಿ ಬಿಚ್ಚಿ, ಎರಡೂ ಪಾದಗಳನ್ನು ಒದ್ದೆ ನೆಲಕ್ಕೆ ಊರಿಸಿ, ಮಂಡಿಯೂರಿ ಕೂತು ಆ ಪಾದಗಳನ್ನು ಒತ್ತಿ ಹಿಡಿದುಕೊಂಡಿದ್ದರಂತೆ. ಹೋಗುವವರು ಬರುವವರು ನಿಂತು ನೋಡಿದರಂತೆ.

ಮಾತ್ರೆ ನಿಲ್ಲಿಸುವ ಮಾತನ್ನು ಡಾಕ್ಟರು ಇನ್ನೂ ಎತ್ತಿಲ್ಲ. ಅಕ್ಕನೂ ಕೇಳಿಲ್ಲ.